ಮದ್ದಿನ ಮನೆಯಿಂದ ಮಾಸಪತ್ರಿಕೆಗೆ

ಶಾಲೆಯಲ್ಲಿ 1857ರ ಪಾಠ ನಡೆಯುತ್ತಿತ್ತು. ದಿಲ್ಲಿಯ ಮ್ಯಾಗಜೀನನ್ನು ಇಂಗ್ಲಿಷರೇ ಬೆಂಕಿ ಕೊಟ್ಟು ಉಡಾಯಿಸಿದರೆಂದು ಉಸ್ತಾದರು ಓದಿದಾಗ ನಮ್ಮ ಕಣ್ಣ ಮುಂದೆ ಬಂದದ್ದು ಬಸ್ ನಿಲ್ದಾಣದ ಪುಸ್ತಕದಂಗಡಿ. ಹಗ್ಗಕ್ಕೆ ನೇತುಹಾಕಿದ ವಾರಪತ್ರಿಕೆ, ಮಾಸಪತ್ರಿಕೆಗಳೆಲ್ಲ ಹೊತ್ತಿಕೊಂಡು ಹಾಳೆಗಳು ಊರ ಮೇಲೆ ಹಾರಾಡುವ ಚಿತ್ರ. ಪತ್ರಿಕೆ ಸುಟ್ಟರೆ ಅಷ್ಟು ದೊಡ್ಡ ಸದ್ದು ಹೇಗೆ ಬಂತು ಎಂದು ಕೇಳಿ ತರಗತಿಯನ್ನೆಲ್ಲ ನಗಿಸಿದ್ದೆವು. ಉಸ್ತಾದರು ನಗಲಿಲ್ಲ. "ಅದು ಬಾರೂದ್‌ಖಾನಾ ಬೇಟಾ, ಮದ್ದಿನ ಮನೆ. ಮ್ಯಾಗಜೀನ್ ಅಂದ್ರೆ ನಮ್ಮ ಮಖ್ಝನ್" ಎಂದಷ್ಟೇ ಹೇಳಿ ಮುಂದಿನ ಸಾಲಿಗೆ ಹೋದರು. ಆ ಅರ್ಧ ನಿಮಿಷದ ಮಾತನ್ನು ಬಿಡಿಸಿಕೊಳ್ಳಲು ನಮಗೆ ಬಹಳ ವರ್ಷ ಹಿಡಿಯಿತು.

ಅರಬಿಯಲ್ಲಿ ಖ, ಝ, ನ ಎಂಬ ಮೂರು ಅಕ್ಷರಗಳ ಒಂದು ಧಾತು ಇದೆ. ಕೂಡಿಡು, ಸಂಗ್ರಹಿಸು ಎಂದು ಅದರ ಅರ್ಥ. ಧಾತುವಿನ ಹಿಂದೆ 'ಮ'ಕಾರ ಸೇರಿದರೆ ಆ ಕೆಲಸ ನಡೆಯುವ ಜಾಗದ ಹೆಸರು ಸಿಗುತ್ತದೆ. ಬರೆಯುವ ಜಾಗ ಮಕ್ತಬ್, ಪಾಠದ ಜಾಗ ಮದ್ರಸ, ಸಜ್ದಾ ಮಾಡುವ ಜಾಗ ಮಸ್ಜಿದ್. ಹಾಗೆಯೇ ಕೂಡಿಡುವ ಜಾಗ ಮಖ್ಝನ್, ಬಹುವಚನದಲ್ಲಿ ಮಖಾಝಿನ್. ಇದೇ ಧಾತುವಿನ ಇನ್ನೊಂದು ಕೂಸು ಪಾರ್ಸಿಯ ಹಾದಿಯಲ್ಲಿ ಕನ್ನಡಕ್ಕೆ ಬಂದು ಖಜಾನೆಯಾಯಿತು. ಅದಕ್ಕೆ ತುರ್ಕಿಯ 'ಚಿ' ಅಂಟಿಕೊಂಡು ಖಜಾಂಚಿ ಹುಟ್ಟಿದ. ಬೊಕ್ಕಸ, ಭಂಡಾರ, ಕೋಶಗಳೆಲ್ಲ ಇದ್ದರೂ ಕರ್ನಾಟಕ ಸರಕಾರದ ಹಣ ಇಂದಿಗೂ ಇರುವುದು ಖಜಾನೆಯಲ್ಲೇ. ಆ ಇಲಾಖೆ ಕಂಪ್ಯೂಟರಿಗೆ ಹೋದಾಗಲೂ ಹೊಸ ವ್ಯವಸ್ಥೆಗೆ ಖಜಾನೆ ಎಂದೇ ಹೆಸರಿಟ್ಟರು. ಮಸೀದಿ ಕಮಿಟಿಗೂ ಒಬ್ಬ ಖಜಾಂಚಿ, ಗಣೇಶೋತ್ಸವ ಸಮಿತಿಗೂ ಒಬ್ಬ ಖಜಾಂಚಿ. ಲೆಕ್ಕ ಕೇಳಿದರೆ ಇಬ್ಬರಿಗೂ ಒಂದೇ ಬಗೆಯ ಸಿಟ್ಟು. ಹೊರಗಿನ ಶಬ್ದಗಳನ್ನು ಕನ್ನಡದಿಂದ ಆರಿಸಿ ಎಸೆಯಬೇಕೆಂದು ಆಗಾಗ ಕೂಗೆಬ್ಬಿಸುವವರು ಇದರ ತಂಟೆಗೆ ಬಂದದ್ದನ್ನು ನಾವು ಕಂಡಿಲ್ಲ.

ಕುರ್‌ಆನಿನ ಯೂಸುಫ್ ಅಧ್ಯಾಯವನ್ನು ಓದಿದವರಿಗೆ ಈ ಧಾತು ಹೊಸದಲ್ಲ. ಏಳು ವರ್ಷ ಬೆಳೆ, ಆಮೇಲೆ ಏಳು ವರ್ಷ ಬರ ಎಂದು ಅರಸನ ಕನಸನ್ನು ಬಿಡಿಸಿ ಹೇಳಿದ ಯೂಸುಫರು ನಾಡಿನ ಖಝಾಇನ್‌ಗಳ ಉಸ್ತುವಾರಿಯನ್ನು ತಮಗೆ ಒಪ್ಪಿಸಬೇಕೆಂದು ಕೇಳುತ್ತಾರೆ. ಅಲ್ಲಿ ಕೂಡಿಡಬೇಕಾದದ್ದು ತೆನೆಯಲ್ಲೇ ಬಿಟ್ಟ ಧಾನ್ಯ. ಹಸಿದವರು ಒಂದು ದಿನ ಬಾಗಿಲಿಗೆ ಬರುತ್ತಾರೆಂದು ತಿಳಿದು ಕಟ್ಟಿದ ಉಗ್ರಾಣ ಅದು. ಈ ಶಬ್ದಕ್ಕೆ ಬಾರೂದಿನ ವಾಸನೆ ಹತ್ತಿದ್ದು ಬಹಳ ತಡವಾಗಿ.

ಮೆಡಿಟರೇನಿಯನ್ ಕಡಲಿನ ವ್ಯಾಪಾರಿಗಳು ಇದನ್ನು ಯುರೋಪಿಗೆ ಹೊತ್ತೊಯ್ದರು. ಉತ್ತರ ಆಫ್ರಿಕದ ಬಂದರುಗಳಲ್ಲಿ ಸರಕು ಇಳಿಸುತ್ತಿದ್ದವರ ಬಾಯಲ್ಲಿದ್ದ ಮಾತು 13ನೇ ಶತಮಾನದ ಹೊತ್ತಿಗೆ ಮಾರ್ಸೇಲ್ಸ್ ಬಂದರಿನ ಲ್ಯಾಟಿನ್ ದಾಖಲೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇಟಲಿಯಲ್ಲಿ ಅದು ಮಗಝೀನೊ ಆಯಿತು. ಸ್ಪೇನಿನವರು ಅರಬಿಯ 'ಅಲ್' ಸಮೇತ ಎತ್ತಿಕೊಂಡು ಅಲ್ಮಾಸೆನ್ ಎಂದರು. ಫ್ರೆಂಚರ ಮಗಝಾಂಗೆ ಮುಂದೆ ಅಂಗಡಿ ಎಂಬ ಅರ್ಥ ಬಂತು. ರಷ್ಯಾದಲ್ಲೂ ಅಂಗಡಿಯೇ, ವೈದ್ಯ ಓದಲು ಆ ಕಡೆ ಹೋಗುವ ನಮ್ಮ ಹುಡುಗರು 'ಮಗಝಿನ್' ಎಂಬ ಬೋರ್ಡು ಕಂಡು ಒಳಗೆ ಹೊಕ್ಕರೆ ಸಿಗುವುದು ಬ್ರೆಡ್ಡು, ಆಲೂಗಡ್ಡೆ. ಇತ್ತ ಮೊರೊಕ್ಕೊದಲ್ಲಿ ಮಖ್ಝನ್ ಎಂದರೆ ಸರಕಾರವೇ! ಕಂದಾಯ ಕೂಡಿಡುವ ಉಗ್ರಾಣದ ಹೆಸರು ಅದನ್ನು ವಸೂಲು ಮಾಡುವ ದೊರೆತನದ ಹೆಸರಾಗಿ ನಿಂತಿತು. ಜನರಿಗೆ ಸರಕಾರದ ಯಾವ ಮುಖ ಹೆಚ್ಚು ಪರಿಚಯ ಎಂಬುದು ಇಂಥ ಕಡೆ ಗೊತ್ತಾಗುತ್ತದೆ.

ಇಂಗ್ಲಿಷಿಗೆ ಇದು ಬಂದದ್ದು 16ನೇ ಶತಮಾನದ ಕೊನೆಯಲ್ಲಿ, ಸರಕಿನ ಗೋದಾಮು ಎಂಬ ಅರ್ಥದಲ್ಲಿ. ಕೆಲವೇ ವರ್ಷಗಳಲ್ಲಿ ಆ ಗೋದಾಮಿಗೆ ಕೋವಿ, ಗುಂಡು, ಮದ್ದು ತುಂಬಿದವು. ಆಯುಧಾಗಾರಕ್ಕೆ ಇಂಗ್ಲಿಷಿನಲ್ಲಿರುವ ಇನ್ನೊಂದು ಶಬ್ದ ಆರ್ಸೆನಲ್ ಕೂಡ ಅರಬಿಯಿಂದಲೇ ಹೋದದ್ದು. ಅದರ ಮೂಲ ದಾರುಸ್ಸಿನಾಅ, ಅಂದರೆ ಕುಶಲ ಕೆಲಸದ ಮನೆ. ವೆನಿಸ್ಸಿನ ಹಡಗುಕಟ್ಟೆಯನ್ನು ಹಾದು ಅದು ಲಂಡನ್ನಿಗೆ ಹೋಯಿತು, ಅಲ್ಲಿನ ಶಸ್ತ್ರಾಗಾರದ ಕಾರ್ಮಿಕರು 1886ರಲ್ಲಿ ಕಟ್ಟಿದ ಫುಟ್‌ಬಾಲ್ ತಂಡದ ಹೆಸರಿನಲ್ಲಿ ಈಗಲೂ ಇದೆ. 19ನೇ ಶತಮಾನದ ಉತ್ತರಾರ್ಧದಲ್ಲಿ ಒಂದರ ಹಿಂದೊಂದು ಗುಂಡು ಹಾರಿಸುವ ಬಂದೂಕು ಬಂದಾಗ, ಗುಂಡುಗಳನ್ನು ಜೋಡಿಸಿಡುವ ಡಬ್ಬಿಯೂ ಮ್ಯಾಗಜೀನ್ ಆಯಿತು. ಪಿಸ್ತೂಲು ಮತ್ತು ಎರಡು ಮ್ಯಾಗಜೀನ್ ವಶ ಎಂಬ ಸುದ್ದಿ ಓದುವಾಗ, ಮ್ಯಾಗಜೀನುಗಳಿಗೆ ಕತೆ ಬರೆದು ದಿನ ತಳ್ಳುವ ನಮ್ಮಂಥವರು ಒಂದು ಕ್ಷಣ ತಡವರಿಸುವುದುಂಟು.

ಗೋದಾಮನ್ನು ಕಾಗದಕ್ಕೆ ತಂದವನು ಎಡ್ವರ್ಡ್ ಕೇವ್. ಇಂಗ್ಲೆಂಡಿನ ಒಬ್ಬ ಚಮ್ಮಾರನ ಮಗ. ಬಗೆಬಗೆಯ ಮಾಹಿತಿ ತುಂಬಿದ ಪುಸ್ತಕವನ್ನು ಉಗ್ರಾಣ ಎಂದು ಕರೆಯುವ ರೂಢಿ ಅವನಿಗಿಂತ ಮೊದಲೇ ಇತ್ತು. ಲಂಡನ್ನಿನ ಹತ್ತಾರು ಸುದ್ದಿಪತ್ರಗಳಲ್ಲಿ ಚದುರಿ ಹೋಗುತ್ತಿದ್ದ ಬರಹಗಳನ್ನು ತಿಂಗಳಿಗೊಮ್ಮೆ ಒಂದೆಡೆ ಕೂಡಿಟ್ಟರೆ ಹೇಗೆ ಎಂದು ಯೋಚಿಸಿ ಕೇವ್ 1731ರ ಜನವರಿಯಲ್ಲಿ 'ದಿ ಜಂಟಲ್‌ಮನ್ಸ್ ಮ್ಯಾಗಜೀನ್' ಹೊರಡಿಸಿದ. ಮಾಸಪತ್ರಿಕೆಗೆ ಆ ಹೆಸರು ಅಲ್ಲಿಂದ ನಿಂತಿತು. ಸಂಸತ್ತಿನ ಚರ್ಚೆಗಳನ್ನು ಅಚ್ಚು ಮಾಡುವುದು ಆಗ ಅಪರಾಧ. ಕೇವ್ ಅದಕ್ಕೊಂದು ಉಪಾಯ ಮಾಡಿದ. ಗಲಿವರನ ಕತೆಯ ಲಿಲಿಪುಟ್ ದೇಶದ ಸಭೆಯಲ್ಲಿ ಹೀಗೆ ಚರ್ಚೆಯಾಯಿತು ಎಂಬ ನೆಪದಲ್ಲಿ ಲಂಡನ್ನಿನ ಚರ್ಚೆಯನ್ನೇ ಛಾಪಿಸಿದ. ಅದನ್ನು ಕೆಲಕಾಲ ಬರೆದುಕೊಟ್ಟವರು ಆಗಿನ್ನೂ ಬಡತನದಲ್ಲಿದ್ದ ಸ್ಯಾಮ್ಯುಯೆಲ್ ಜಾನ್ಸನ್. ಇದೇ ಜಾನ್ಸನ್ 1755ರಲ್ಲಿ ತಮ್ಮ ದೊಡ್ಡ ನಿಘಂಟು ಹೊರತಂದಾಗ ಮ್ಯಾಗಜೀನ್ ಎಂಬುದಕ್ಕೆ ಉಗ್ರಾಣ, ಆಯುಧಾಗಾರ ಎಂಬ ಅರ್ಥಗಳನ್ನು ಮೊದಲು ಕೊಟ್ಟು, ಇತ್ತೀಚೆಗೆ ಕೇವನ ಪತ್ರಿಕೆಯಿಂದಾಗಿ ಬಿಡಿಬರಹಗಳ ಸಂಚಿಕೆಗೂ ಹೀಗೆನ್ನುತ್ತಾರೆಂದು ಸೇರಿಸಿದರು. ಸಂಬಳ ಕೊಟ್ಟ ಧಣಿಯ ಋಣವನ್ನು ನಿಘಂಟಿನಲ್ಲಿ ತೀರಿಸಿದ ಲೇಖಕರು ಬೇರೆ ಇರಲಾರರು.

ಉರ್ದುವಿನಲ್ಲಿ ಪತ್ರಿಕೆಗೆ ರಿಸಾಲಾ ಎನ್ನುತ್ತಾರೆ. ಕುದುರೆ ಸವಾರರ ದಳಕ್ಕೂ ರಿಸಾಲಾ ಎಂದೇ ಹೆಸರು. ಕಳಿಸು ಎಂಬ ಅರಬಿ ಧಾತುವಿನಿಂದ ಎರಡೂ ಹುಟ್ಟಿವೆ. ಸಂದೇಶವನ್ನೂ ಕಳಿಸುತ್ತಾರೆ, ಸೈನಿಕರನ್ನೂ ಕಳಿಸುತ್ತಾರೆ. ಬೆಂಗಳೂರಿನ ಶೇಷಾದ್ರಿಪುರದಲ್ಲಿ ರಿಸಾಲ್ದಾರ್ ರಸ್ತೆ ಇದೆ. ಅದು ಕುದುರೆಯವರ ಹೆಸರು, ಸಂಪಾದಕರದಲ್ಲ. ಕನ್ನಡದಲ್ಲಿ ಧಾನ್ಯದ ಉಗ್ರಾಣಕ್ಕೆ ಕಣಜ ಎನ್ನುತ್ತೇವೆ. ಕರ್ನಾಟಕ ಜ್ಞಾನ ಆಯೋಗ ಅಂತರಜಾಲದಲ್ಲಿ ಕನ್ನಡದ ಜ್ಞಾನಕೋಶ ಕಟ್ಟಹೊರಟಾಗ ಅದಕ್ಕಿಟ್ಟ ಹೆಸರು ಕಣಜ. ಕೇವನ ದಾರಿಯನ್ನೇ ಕನ್ನಡ ತನ್ನದೇ ಮಾತಿನಲ್ಲಿ ತುಳಿದ ಹಾಗಾಯಿತು. ಕಚ್ಚಿದರೆ ಮುಖ ಊದಿಸುವ ಹುಳುವಿಗೂ ಕನ್ನಡದಲ್ಲಿ ಕಣಜ ಎನ್ನುತ್ತಾರಲ್ಲ, ಪತ್ರಿಕೆಗೆ ಆ ಅರ್ಥವೂ ಒಪ್ಪದೆ ಇರದು.

ಮದ್ದು ಎಂಬ ಮಾತೂ ಹಾಗೆಯೇ. ಜ್ವರಕ್ಕೆ ಕುಡಿಯುವುದೂ ಮದ್ದು, ಫಿರಂಗಿಗೆ ತುಂಬುವುದೂ ಮದ್ದು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಕಾಲದ ಮದ್ದಿನ ಮನೆಗಳು ಈಗಲೂ ಇವೆ. ಇಟ್ಟಿಗೆ, ಗಾರೆಯಲ್ಲಿ ಗಟ್ಟಿಯಾಗಿ ಕಟ್ಟಿ ಅರ್ಧ ನೆಲದೊಳಕ್ಕೆ ಹುದುಗಿಸಿದ ಕೋಣೆಗಳು. ಕೋಟೆ ಬಿದ್ದದ್ದು 1799ರ ಮೇ 4ರಂದು. ಅದಕ್ಕೆ ಎರಡು ದಿನ ಮೊದಲು ಕಂಪನಿಯ ಗುಂಡೊಂದು ಒಳಗಿದ್ದ ರಾಕೆಟ್ಟುಗಳ ಉಗ್ರಾಣಕ್ಕೆ ತಗುಲಿ ಅದು ಸಿಡಿದುಹೋಗಿತ್ತು. ಉಳಿದ ಮದ್ದಿನ ಮನೆಗಳಲ್ಲಿ ಒಂದು ಮೈಸೂರು ರೈಲಿನ ಜೋಡಿಹಳಿಗೆ ಅಡ್ಡ ಬಂತು. 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಬುಡಸಮೇತ ಎತ್ತಿ, ಒಂದು ಇಟ್ಟಿಗೆಯೂ ಕದಲದಂತೆ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇಟ್ಟರು.

ಅದೇ ಕೋಟೆಯಲ್ಲಿ ಇನ್ನೊಂದು ಉಗ್ರಾಣವಿತ್ತು: ಸುಲ್ತಾನರ ಕುತುಬ್‌ಖಾನಾ. ಅರಬಿ, ಪಾರ್ಸಿ, ಉರ್ದುವಿನ ಸುಮಾರು ಎರಡು ಸಾವಿರ ಹಸ್ತಪ್ರತಿಗಳು. ಕೋಟೆ ಬಿದ್ದ ಮೇಲೆ ಅವು ಗೆದ್ದವರ ಪಾಲಾದವು. ಒಂದಷ್ಟು ಕಲ್ಕತ್ತೆಗೆ, ಒಂದಷ್ಟು ಲಂಡನ್ನಿಗೆ ಹೋದವು. ಚಾರ್ಲ್ಸ್ ಸ್ಟೂವರ್ಟ್ ಎಂಬ ಕಂಪನಿಯ ಅಧಿಕಾರಿ ಅವುಗಳ ವಿವರಪಟ್ಟಿ ಮಾಡಿ 1809ರಲ್ಲಿ ಕೇಂಬ್ರಿಜ್‌ನಲ್ಲಿ ಅಚ್ಚು ಹಾಕಿಸಿದ. ಶ್ರೀರಂಗಪಟ್ಟಣದಲ್ಲಿ ಏನೇನು ಓದುತ್ತಿದ್ದರು ಎಂದು ತಿಳಿಯಬೇಕಾದರೆ ನಾವು ಇಂದು ತೆರೆಯಬೇಕಾದದ್ದು ಆ ಪಟ್ಟಿಯನ್ನು. ಮದ್ದಿನ ಮನೆಗಳು ಇಲ್ಲೇ ಉಳಿದವು, ಪುಸ್ತಕದ ಮನೆ ಹಡಗು ಹತ್ತಿತು.

ಇನ್ನು ನಮ್ಮ ಪಾಠದ ದಿಲ್ಲಿಗೆ ಬರೋಣ. ಕಂಪನಿಯ ಮ್ಯಾಗಜೀನ್ ಇದ್ದದ್ದು ಕಾಶ್ಮೀರಿ ಗೇಟಿನ ಹತ್ತಿರ. 1857ರ ಮೇ 11ರಂದು ಮೀರತ್ತಿನಿಂದ ಬಂದ ಸಿಪಾಯಿಗಳು ಅದನ್ನು ಸುತ್ತುವರಿದರು. ಒಳಗಿದ್ದವರು ಲೆಫ್ಟಿನೆಂಟ್ ವಿಲೋಬಿ ಮತ್ತು ಎಂಟು ಜನ ಇಂಗ್ಲಿಷರು. ಕೆಲವು ಗಂಟೆ ಕಾದಾಡಿ, ಸಹಾಯ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಮಧ್ಯಾಹ್ನ ತಾವೇ ಮದ್ದಿಗೆ ಬೆಂಕಿ ಕೊಟ್ಟರು. ಒಂಬತ್ತು ಜನರಲ್ಲಿ ಬದುಕುಳಿದ ಮೂವರಿಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಆ ಒಂಬತ್ತು ಹೆಸರುಗಳು ಕಲ್ಲಿನಲ್ಲಿವೆ. ಗೋಡೆ ಹತ್ತುತ್ತಿದ್ದ ಸಿಪಾಯಿಗಳು, ಸುತ್ತಲಿನ ಗಲ್ಲಿಗಳಲ್ಲಿ ಸತ್ತ ದಿಲ್ಲಿಯವರ ಹೆಸರುಗಳು ಆ ಕಲ್ಲಿನಲ್ಲಿಲ್ಲ.

ಉಳಿದ ಹೆಬ್ಬಾಗಿಲು ಇಂದು ವಾಹನಗಳು ಎರಡೂ ಕಡೆ ಹರಿಯುವ ರಸ್ತೆಯ ನಡುವೆ ನಿಂತಿದೆ. ಇಂಗ್ಲಿಷರು ಹಾಕಿದ ಫಲಕದಲ್ಲಿ ಮುತ್ತಿದವರನ್ನು ದಂಗೆಕೋರರು ಎಂದು ಬರೆದಿದೆ. ಸ್ವಾತಂತ್ರ್ಯದ ಬಳಿಕ ನಮ್ಮ ಸರಕಾರ ಅದನ್ನು ಕಿತ್ತುಹಾಕಲಿಲ್ಲ. ಹಾಗೆ ಕರೆಯಲ್ಪಟ್ಟವರು ಪರದೇಶಿ ಆಳ್ವಿಕೆಯನ್ನು ಕೊನೆಗಾಣಿಸಲು ಹೊರಟ ಭಾರತೀಯ ಸೈನಿಕರು ಎಂದು ಇನ್ನೊಂದು ಫಲಕ ಹಾಕಿತು. ಎರಡನ್ನೂ ಒಟ್ಟಿಗೆ ಓದಬಹುದು. ಇತಿಹಾಸವನ್ನು ತಿದ್ದುವುದಿದ್ದರೆ ಹೀಗೆ ತಿದ್ದಬೇಕು ಎಂದು ನಮಗನಿಸಿದೆ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಉಪನಿಷತ್ತುಗಳನ್ನು ಪಾರ್ಸಿಗೆ ತಂದ ದಾರಾ ಶಿಕೋಹನ ಗ್ರಂಥಾಲಯದ ಕಟ್ಟಡವಿದೆ. 2023ರಿಂದ ಅದರಲ್ಲಿ ದೇಶವಿಭಜನೆಯ ವಸ್ತುಸಂಗ್ರಹಾಲಯ ನಡೆಯುತ್ತಿದೆ.

ಆ ವರ್ಷದ ದಿಲ್ಲಿಯಲ್ಲಿ ಅಕ್ಷರದ ಉಗ್ರಾಣವೂ ಒಂದಿತ್ತು. ಮೌಲ್ವಿ ಮುಹಮ್ಮದ್ ಬಾಕರ್ ಅವರು 1830ರ ದಶಕದಲ್ಲಿ ಆರಂಭಿಸಿದ 'ದೆಹಲಿ ಉರ್ದು ಅಖ್ಬಾರ್' ಆ ದಿನಗಳ ಸುದ್ದಿಯನ್ನು ಊರಿನೊಳಗಿನಿಂದಲೇ ಬರೆಯಿತು. ದಂಗೆಯ ಪರವಾಗಿಯೂ ನಿಂತಿತು. ಸೆಪ್ಟೆಂಬರಿನಲ್ಲಿ ಕಂಪನಿಯ ಸೇನೆ ನಗರವನ್ನು ಮರಳಿ ಹಿಡಿದ ಮೇಲೆ ಮೌಲ್ವಿ ಬಾಕರರನ್ನು ಹಿಡಿದು ಕೊಂದರು. ಅವರು ಎತ್ತಿದ ಆಯುಧ ಪತ್ರಿಕೆ.

ಅವರ ಮಗ ಮುಹಮ್ಮದ್ ಹುಸೇನ್ ಆಝಾದ್ ತಂದೆಯ ಪತ್ರಿಕೆಯಲ್ಲೇ ಕೆಲಸ ಕಲಿತವರು. ಸೈನಿಕರು ಮನೆಗೆ ನುಗ್ಗಿ ಹೊರಡಿ ಎಂದಾಗ ಮನೆಯ ತುಂಬ ಸಾಮಾನಿತ್ತು. ಅವರು ಕೈಗೆತ್ತಿಕೊಂಡದ್ದು ತಮ್ಮ ಉಸ್ತಾದ್ ಝೌಕರ ಗಝಲ್‌ಗಳಿದ್ದ ಕಾಗದದ ಕಟ್ಟನ್ನು. ಉಳಿದದ್ದನ್ನು ಮತ್ತೆ ಸಂಪಾದಿಸಬಹುದು, ತೀರಿಹೋದ ಗುರು ಮತ್ತೆ ಬರೆದುಕೊಡಲಾರರು ಎಂದು ಆ ಹೊತ್ತಿನಲ್ಲಿ ಹೊಳೆಯಿತಂತೆ. ಮುಂದೆ ಅವರೇ ಹೇಳಿಕೊಂಡಿದ್ದಾರೆ. ಎಷ್ಟೋ ಊರು ಅಲೆದು ಅವರು ಲಾಹೋರಿನಲ್ಲಿ ನೆಲೆ ನಿಂತರು, ಅಲ್ಲಿನ ಸರಕಾರಿ ಕಾಲೇಜಿನಲ್ಲಿ ಪಾಠ ಹೇಳಿದರು, 1880ರಲ್ಲಿ ಉರ್ದು ಕವಿಗಳ ಚರಿತ್ರೆ 'ಆಬೆ ಹಯಾತ್' ಪ್ರಕಟಿಸಿದರು. ದಿಲ್ಲಿಯಿಂದ ಹೊತ್ತು ತಂದ ಆ ಕಟ್ಟು ಅವರ ಸಂಪಾದನೆಯಲ್ಲಿ ಝೌಕರ ದೀವಾನ್ ಆಗಿ ಅಚ್ಚಾಯಿತು.

1901ರ ಏಪ್ರಿಲ್‌ನಲ್ಲಿ ಅದೇ ಲಾಹೋರಿನಿಂದ ಶೇಖ್ ಅಬ್ದುಲ್ ಖಾದಿರ್ ಎಂಬ ತರುಣರು ಒಂದು ಉರ್ದು ಮಾಸಪತ್ರಿಕೆ ತಂದರು. ಮೊದಲ ಸಂಚಿಕೆಯಲ್ಲೇ 'ಹಿಮಾಲಾ' ಎಂಬ ಪದ್ಯವಿತ್ತು. ಬರೆದವರು ಮುಹಮ್ಮದ್ ಇಕ್ಬಾಲ್, ಆಗ ಇನ್ನೂ ಅದೇ ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಯುವಕ. ಮನಸ್ಸಿನ ಸ್ಥಿಮಿತ ತಪ್ಪಿದ್ದ ವೃದ್ಧ ಆಝಾದ್ ಆಗ ಲಾಹೋರಿನಲ್ಲೇ ಇದ್ದರು, ತೀರಿಕೊಂಡದ್ದು 1910ರಲ್ಲಿ. ಹೊಸ ಪತ್ರಿಕೆಗೆ ಅಬ್ದುಲ್ ಖಾದಿರರು ಇಟ್ಟ ಹೆಸರು 'ಮಖ್ಝನ್'.