ವರ್ಗ ಮತ್ತು ಚರವ್ಯಾಪ್ತಿ: ಓಸ್ಲೋವಿನಿಂದ ಜಾಲಭಾಷೆಗಳವರೆಗೆ

ಜಾಲಪುಟಗಳನ್ನು ರಚಿಸುವ ಭಾಷೆಗಳನ್ನು ಕಲಿಯಹೊರಟ ವಿದ್ಯಾರ್ಥಿಗೆ ಬಹುಬೇಗ ಎದುರಾಗುವ ತೊಡಕೊಂದುಂಟು. ಒಂದು ವರ್ಗದ, ಎಂದರೆ ಕ್ಲಾಸಿನ, ಆರಂಭದಲ್ಲಿ 'ಮೊತ್ತ' ಎಂಬ ಚರವನ್ನು ಆತನು ಹೆಸರಿಸಿರುತ್ತಾನೆ. ಅದೇ ವರ್ಗದ ಮೆಥಡಿನೊಳಗೆ ಅದೇ ಹೆಸರನ್ನು ಬರೆದರೆ ಯಂತ್ರವು ಅದನ್ನು ಗುರುತಿಸದು. ಹೆಸರಿನ ಹಿಂದೆ 'ದಿಸ್' ಎಂಬ ಪದವನ್ನು ಸೇರಿಸತಕ್ಕದ್ದೆಂದು ವಿಧಿಸಿ ಪಠ್ಯಪುಸ್ತಕಗಳು ಮುಂದೆ ಸಾಗುತ್ತವೆ. ಏಕೆ ಸೇರಿಸಬೇಕೆಂಬುದಕ್ಕೆ ಉತ್ತರವು ಆ ಭಾಷೆಗಳ ವ್ಯಾಕರಣಕ್ಕಿಂತ ಅವುಗಳ ಇತಿಹಾಸದಲ್ಲಿಯೇ ಹೆಚ್ಚಾಗಿ ದೊರೆಯುತ್ತದೆಂದು ನಾವು ಭಾವಿಸುತ್ತೇವೆ.

೧೯೬೦ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಹದಿಮೂರು ಮಂದಿ ವಿದ್ವಾಂಸರು ಸೇರಿ ಆಲ್ಗಾಲ್ ೬೦ ಎಂಬ ಭಾಷೆಯನ್ನು ರೂಪಿಸಿದರು. 'ಬಿಗಿನ್' ಮತ್ತು 'ಎಂಡ್' ಎಂಬೆರಡು ಪದಗಳ ನಡುವಣ ಭಾಗವನ್ನು ಅವರು ಬ್ಲಾಕ್ ಎಂದು ಕರೆದರು. ಒಳಗಿನ ಬ್ಲಾಕಿಗೆ ಹೊರಗಿನ ಚರಗಳು ಕಾಣುವುವು. ಹೊರಗಿನದಕ್ಕೆ ಒಳಗಿನವು ಕಾಣವು. ಬ್ಲಾಕಿನ ಕೆಲಸ ಮುಗಿದೊಡನೆ ಅದರ ಚರಗಳೂ ಸಾಮಾನ್ಯವಾಗಿ ಅಳಿಯುವುವು. ಇದೇ ಕಾಲದಲ್ಲಿ ಅಮೆರಿಕದಲ್ಲಿ ಜಾನ್ ಮೆಕಾರ್ಥಿ ರಚಿಸಿದ ಲಿಸ್ಪ್ ಭಾಷೆಯ ಕ್ರಮವು ಬೇರೆ. ಅಲ್ಲಿ ಹೆಸರಿನ ಅರ್ಥವು ಅದನ್ನು ಬರೆದ ಸ್ಥಳವನ್ನಲ್ಲ, ಫಂಕ್ಷನ್ನನ್ನು ಕರೆದವರನ್ನು ಅವಲಂಬಿಸಿತ್ತು. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದು ವೇಷ ಮರೆಸಿಕೊಂಡು ಮತ್ತೆ ಬರುತ್ತದೆ.

ಓಸ್ಲೋ ನಗರದ ನಾರ್ವೇಜಿಯನ್ ಗಣನ ಕೇಂದ್ರದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಎಂಬಿಬ್ಬರು ಆಲ್ಗಾಲಿನ ಬ್ಲಾಕನ್ನೇ ಹಿಡಿದು ಒಂದು ಹೊಸ ಪ್ರಶ್ನೆಯನ್ನೆತ್ತಿದರು. ಕೆಲಸ ಮುಗಿದ ಮೇಲೂ ಬ್ಲಾಕು ಅಳಿಯದೆ ಉಳಿಯುವುದಾದರೆ ಏನಾದೀತು? ಹಾಗೆ ಉಳಿದ ಬ್ಲಾಕೇ ವಸ್ತು. ಅದರ ಚರಗಳೇ ವಸ್ತುವಿನ ಗುಣಗಳು. ಸಿಮುಲಾ ೬೭ರ ವರ್ಗವು ಹುಟ್ಟಿದ್ದು ಹೀಗೆ. ಆದುದರಿಂದ ಅಲ್ಲಿ ಮೆಥಡೆಂಬುದು ಬ್ಲಾಕಿನೊಳಗಿನ ಇನ್ನೊಂದು ಬ್ಲಾಕು ಮಾತ್ರ. ವರ್ಗದ ಚರಗಳು ಅದಕ್ಕೆ ತಾವಾಗಿಯೇ ಕಾಣುತ್ತಿದ್ದುವು. ಸಿ ಪ್ಲಸ್ ಪ್ಲಸ್, ಜಾವಾ ಭಾಷೆಗಳು ಈ ಸೌಕರ್ಯವನ್ನು ಉಳಿಸಿಕೊಂಡುವು.

ಇದು ಕಡಿದುಹೋದದ್ದು ಜಾಲಭಾಷೆಗಳಲ್ಲಿ. ೧೯೯೫ರಲ್ಲಿ ರಾಸ್ಮಸ್ ಲೆರ್ಡೋರ್ಫ್ ಪ್ರಕಟಿಸಿದ ಪಿಎಚ್‌ಪಿ ತನ್ನ ಮೊದಲ ರೂಪದಲ್ಲಿ ಸ್ವಂತ ಪುಟಗಳಿಗಾಗಿ ಮಾಡಿಕೊಂಡ ಸಣ್ಣ ಸಲಕರಣೆ. ವರ್ಗಗಳು ಅದರಲ್ಲಿ ಕಾಣಿಸಿಕೊಂಡುದು ೧೯೯೮ರ ಮೂರನೆಯ ಆವೃತ್ತಿಯಲ್ಲಿ. ಅಲ್ಲಿ ಚರವನ್ನು ಮುಂಚಿತವಾಗಿ ಘೋಷಿಸಬೇಕಾಗಿಲ್ಲ. ಬೆಲೆ ಕೊಟ್ಟೊಡನೆ ಅದು ಹುಟ್ಟುತ್ತದೆ. ಹೀಗಿರುವಲ್ಲಿ ಮೆಥಡಿನೊಳಗೆ ಬರಿದೆ 'ಮೊತ್ತ' ಎಂದರೆ ಅದು ವಸ್ತುವಿನ ಮೊತ್ತವೋ, ಈಗ ತಾನೇ ಹುಟ್ಟಿದ ಸ್ಥಳೀಯ ಚರವೋ? ಈ ಸಂದೇಹಕ್ಕೆ ಎಡೆಯಿಲ್ಲದಂತೆ ಮಾಡುವುದು 'ದಿಸ್' ಎಂಬ ಗುರುತು. ಹೊರಗಿನ ಚರಗಳಂತೂ 'ಗ್ಲೋಬಲ್' ಎಂದು ಕೇಳಿಕೊಂಡ ಹೊರತು ಫಂಕ್ಷನ್ನಿಗೆ ಕಾಣುವುದಿಲ್ಲ.

ಇದನ್ನು ಕಿರುಕುಳವೆಂದು ಬಗೆಯುವವರು ಒಂದು ಸಂಗತಿಯನ್ನು ಗಮನಿಸಬೇಕು. ಆ ಭಾಷೆಯಲ್ಲಿ 'ರಿಜಿಸ್ಟರ್ ಗ್ಲೋಬಲ್ಸ್' ಎಂಬ ಏರ್ಪಾಡೊಂದಿತ್ತು. ಜಾಲವಿಳಾಸದಲ್ಲಿ ಸಂದರ್ಶಕನು ಬರೆದು ಕಳುಹಿಸಿದ ಹೆಸರೆಲ್ಲವೂ ಅದರಿಂದ ಹೊರವಲಯದ ಚರವಾಗಿಬಿಡುತ್ತಿತ್ತು. ಬೆಲೆ ಕೊಡದೆ ಬಿಟ್ಟ 'ಅಧಿಕಾರಿ' ಎಂಬ ಚರವಿದ್ದಲ್ಲಿ, ಅದಕ್ಕೆ ಬೆಲೆಯಿತ್ತು ಒಳನುಗ್ಗಲು ಅಪರಿಚಿತನಿಗೂ ಸಾಧ್ಯವಿತ್ತು. ಫಂಕ್ಷನ್ನಿನ ಸ್ಥಳೀಯ ಚರಗಳನ್ನು ಮಾತ್ರ ಅವನು ಮುಟ್ಟಲಾರದವನಾಗಿದ್ದನು. ೨೦೦೨ರಲ್ಲಿ ಈ ಏರ್ಪಾಡನ್ನು ಪೂರ್ವನಿಯೋಜಿತವಾಗಿ ನಿಲ್ಲಿಸಿದರು. ೨೦೧೨ರಲ್ಲಿ ತೆಗೆದೇ ಹಾಕಿದರು.

ಅದೇ ೧೯೯೫ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಗಾಗಿ ಬ್ರೆಂಡನ್ ಐಕ್ ರಚಿಸಿದ ಜಾವಾಸ್ಕ್ರಿಪ್ಟ್ ವಿರುದ್ಧ ದಿಕ್ಕನ್ನು ಹಿಡಿಯಿತು. ಸ್ಕೀಮ್ ಭಾಷೆಯ ಪ್ರಭಾವದಿಂದ ಇಲ್ಲಿ ಒಳಗಿನ ಫಂಕ್ಷನ್ನಿಗೆ ಹೊರಗಿನದೆಲ್ಲವೂ ಕಾಣುತ್ತದೆ. ಆದರೆ ಹೆಸರನ್ನು ಹುಡುಕುತ್ತ ಹೋಗುವ ದಾರಿಯಲ್ಲಿ ವಸ್ತುವು ಇಲ್ಲ! 'ದಿಸ್' ಬಿಟ್ಟು ಬರೆದ 'ಮೊತ್ತ'ವು ವಸ್ತುವನ್ನು ದಾಟಿ ಹೊರಗೆ ಹೋಗುತ್ತದೆ. ಅಲ್ಲಿ ಅದೇ ಹೆಸರಿನ ಮತ್ತೊಂದು ಚರವಿದ್ದರೆ ಸದ್ದಿಲ್ಲದೆ ಅದನ್ನೇ ಬದಲಿಸುತ್ತದೆ. ಅಂಗಡಿಯ ಪುಟದಲ್ಲಿ ಒಬ್ಬನ ಲೆಕ್ಕ ಮತ್ತೊಂದರಲ್ಲಿ ಬೆರೆಯಲು ಇಷ್ಟೇ ಸಾಕು.

ಸಾಮಾನ್ಯ ಫಂಕ್ಷನ್ನಿನಲ್ಲಿ 'ದಿಸ್' ಎಂಬುದರ ಅರ್ಥವು ಕರೆದ ಬಗೆಯಿಂದ ನಿರ್ಧಾರವಾಗುವುದು ಮತ್ತಷ್ಟು ಸ್ವಾರಸ್ಯಕರ. ಹಳೆಯ ಲಿಸ್ಪಿನ ಕ್ರಮವು ಈ ಒಂದು ಪದದಲ್ಲಿ ಮರಳಿ ಬಂದಂತಿದೆ. "ನಾನು ಬರುವೆನೆಂದು ಅವನು ಹೇಳಿದನು" ಎಂಬ ನಮ್ಮ ವಾಕ್ಯದಲ್ಲಿ ಆ 'ನಾನು' ಹೇಳಿದವನೋ, ವಾಕ್ಯವನ್ನು ಈಗ ನುಡಿಯುತ್ತಿರುವವನೋ ಎಂಬ ಸಂದೇಹ ಹುಟ್ಟುವುದಷ್ಟೆ. ಮೆಥಡಿನೊಳಗಿನ ಫಂಕ್ಷನ್ನಿನಲ್ಲಿ 'ದಿಸ್' ಬಂದಾಗ ಆಗುತ್ತಿದ್ದುದು ಬಹುಮಟ್ಟಿಗೆ ಇದೇ. ಬರೆಯುವವರು ಅದನ್ನು 'ದ್ಯಾಟ್' ಅಥವಾ 'ಸೆಲ್ಫ್' ಎಂಬ ಸಾಮಾನ್ಯ ಚರದಲ್ಲಿ ಮೊದಲೇ ಹಿಡಿದಿಟ್ಟುಕೊಂಡು ಬಹುಕಾಲ ಕೆಲಸ ನಡೆಸಿದರು. ೨೦೧೫ರಲ್ಲಿ ಆ ಭಾಷೆಗೆ ವರ್ಗವೆಂಬ ಪದಪ್ರಯೋಗವೂ, ಬಾಣದ ಗುರುತಿನ ಫಂಕ್ಷನ್ನೂ ಒಟ್ಟಿಗೆ ಬಂದುವು. ಬಾಣದ ಫಂಕ್ಷನ್ನಿಗೆ ತನ್ನದೇ ಆದ 'ದಿಸ್' ಇಲ್ಲ, ಸುತ್ತಲಿನದನ್ನೇ ಅದು ಎತ್ತಿಕೊಳ್ಳುತ್ತದೆ.

ಪಿಎಚ್‌ಪಿ ತನ್ನ ಬಿಗುಮಾನವನ್ನು ನಿಧಾನವಾಗಿ ಸಡಿಲಿಸಿತು. ೨೦೦೯ರಲ್ಲಿ ಬಂದ ಹೆಸರಿಲ್ಲದ ಫಂಕ್ಷನ್ನುಗಳು ತಮಗೆ ಬೇಕಾದ ಹೊರಚರಗಳನ್ನು 'ಯೂಸ್' ಎಂಬ ಪದದ ಮುಂದೆ ಪಟ್ಟಿಮಾಡಬೇಕಾಗಿತ್ತು. ಅವುಗಳೊಳಗೆ 'ದಿಸ್' ದೊರೆತದ್ದು ೨೦೧೨ರಲ್ಲಿ. ೨೦೧೯ರ ಕಿರುಫಂಕ್ಷನ್ನಿಗೆ ಪಟ್ಟಿಯೂ ಬೇಡ. ಆದರೂ ಅದಕ್ಕೆ ದೊರೆಯುವುದು ಹೊರಚರದ ಬೆಲೆಯ ನಕಲು ಮಾತ್ರ. ಮೂಲವನ್ನು ಬದಲಿಸುವ ಹಕ್ಕನ್ನು ಪಿಎಚ್‌ಪಿ ಅಲ್ಲಿಯೂ ಬಿಟ್ಟುಕೊಟ್ಟಿಲ್ಲ.