ಗಾಳಿಗೆ ಕುಣಿದ ಸೇತುವೆ

ರೈಲ್ವೆ ಸೇತುವೆಗಳಲ್ಲಿ ತ್ರಿಕೋನ ತ್ರಿಕೋನವಾಗಿ ಹೆಣೆದ ಉಕ್ಕಿನ ಜಾಲವನ್ನು ನೀವು ನೋಡಿರುತ್ತೀರಿ. ಅದು ಏಕೆ ಬೇಕು? ಅಮೆರಿಕದ ಟಕೋಮಾ ನ್ಯಾರೋಸ್ ತೂಗುಸೇತುವೆಯ ಚರಿತ್ರೆಯೇ ಇದಕ್ಕೆ ಉತ್ತರ.

ಅದಕ್ಕೆ ಮೊದಲು ಯೋಜಿಸಿದ್ದು 25 ಅಡಿ ಎತ್ತರದ ಜಾಲತೊಲೆ. ಖರ್ಚು ಉಳಿಸಲು ಎಂಜಿನಿಯರ್ ಲಿಯಾನ್ ಮೊಯ್ಸೀಫ್ 8 ಅಡಿಯ, ಕಂಡಿಗಳಿಲ್ಲದ ಉಕ್ಕಿನ ತೊಲೆ ಸಾಕೆಂದರು. 1940ರ ಜುಲೈ 1ರಂದು ತೆರೆದ ಸೇತುವೆ ನವೆಂಬರ್ 7ರಂದು, ಗಂಟೆಗೆ ಸುಮಾರು 68 ಕಿಲೋಮೀಟರ್ ವೇಗದ ಗಾಳಿಗೆ ತಿರುಚಿ ತಿರುಚಿ ಕುಸಿಯಿತು. ಇದು ಬರೀ ಅನುರಣನವಲ್ಲ. ಸೇತುವೆಯ ತಿರುಚಾಟವೇ ಗಾಳಿಯಿಂದ ಮತ್ತಷ್ಟು ಶಕ್ತಿ ಸೆಳೆದುಕೊಂಡಿತು.

1950ರ ಹೊಸ ಸೇತುವೆಗೆ 33 ಅಡಿಯ ಜಾಲತೊಲೆ ಹಾಕಿದರು. ಜಾಲ ತಿರುಚಾಟವನ್ನು ತಡೆಯಿತು. ಗಾಳಿ ಕಂಡಿಗಳಲ್ಲಿ ಹಾದುಹೋಯಿತು. ನೆನಪಿಡಿ: ಭಾರ ಹೊರುವ ಬಲವೊಂದೇ ಸಾಲದು, ಅಲುಗಾಟ ತಡೆಯುವ ಬಿಗಿತವೂ ಬೇಕು.