ಜಿಮಖಾನಾದ ತಟ್ಟುಗಳು

ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಕಡೆಯ ಕಾಲೇಜುಗಳಲ್ಲಿ ಓದಿದವರಿಗೆ ‘ಜಿಮಖಾನಾ’ ಹೊಸ ಮಾತಲ್ಲ. ಫೀ ರಸೀದಿಯಲ್ಲಿ ಜಿಮಖಾನಾ ಶುಲ್ಕವೆಂದು ಒಂದು ಸಾಲು ಇರುತ್ತದೆ. ವಾರ್ಷಿಕ ಸಮ್ಮೇಳನದಲ್ಲಿ ಜಿಮಖಾನಾ ಕಾರ್ಯದರ್ಶಿಯ ವರದಿ ಇರುತ್ತದೆ. ಆಟ, ಓಟ, ಕಪ್ಪು, ಗುಂಪು ಫೋಟೋ, ಇಷ್ಟರಲ್ಲಿ ಆ ಮಾತಿನ ಅರ್ಥ ಮುಗಿಯುತ್ತದೆ. ಕುದುರೆಯ ನೆನಪು ಯಾರಿಗೂ ಬರುವುದಿಲ್ಲ.

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಇದೇ ಮಾತಿಗೆ ಬೇರೆಯೇ ಅರ್ಥವಿದೆ. ಅಲ್ಲಿ ಜಿಮಖಾನಾ ಎಂದರೆ ಚಿಕ್ಕ ಮಕ್ಕಳು ಪೋನಿ ಕುದುರೆಗಳನ್ನೇರಿ ಆಡುವ ಆಟಗಳ ದಿನ. ಸಾಲಾಗಿ ನೆಟ್ಟ ಕಂಬಗಳ ನಡುವೆ ಹಾವಿನಂತೆ ಹೊರಳಿ ಓಡುವುದು, ಓಡುತ್ತಲೇ ಬಾವುಟ ಕೀಳುವುದು, ಚಮಚದಲ್ಲಿ ಮೊಟ್ಟೆ ಹಿಡಿದು ಸವಾರಿ ಮಾಡುವುದು, ನಡುವೆ ಇಳಿದು ಗೋಣಿಚೀಲದೊಳಗೆ ಕಾಲು ತೂರಿಸಿ ಕುಪ್ಪಳಿಸುವುದು, ಪಕ್ಕದಲ್ಲಿ ಪೋನಿಯೂ ಓಡಿಬರುವುದು. ನಮ್ಮ ರಸೀದಿಯ ಮಾತು ಅಲ್ಲಿಗೆ ಹೋದದ್ದು ಹೇಗೆ ಎಂದು ಕೇಳಿದರೆ ಒಂದು ದೊಡ್ಡ ಕಥೆಯೇ ಬಿಚ್ಚಿಕೊಳ್ಳುತ್ತದೆ. ಅದು ಕುದುರೆಗಿಂತ ಹೆಚ್ಚಾಗಿ ತಟ್ಟುವಿನ ಕಥೆ. ದಂಡಿನ ಕುದುರೆಗೆ ಚರಿತ್ರೆಯಿದೆ, ಕಾವ್ಯವಿದೆ, ಶಿಲ್ಪವಿದೆ. ಸಂತೆಗೆ ಮೂಟೆ ಹೊರುವ ತಟ್ಟುವಿನ ಬಗ್ಗೆ ಬರೆದವರು ಕಡಿಮೆ.

ಭಾರತದ ಇಂಗ್ಲಿಷರ ಮಾತುಗಳನ್ನೆಲ್ಲ ಕೂಡಿಸಿದ ‘ಹಾಬ್ಸನ್-ಜಾಬ್ಸನ್’ ನಿಘಂಟು 1886ರಲ್ಲಿ ಬಂತು. ಜಿಮಖಾನಾ ತೀರ ಈಚಿನ ಪದ, ಅದರ ಮೊದಲ ಸುಳಿವು ಸಿಗುವುದು 1861ರಲ್ಲಿ ರೂರ್ಕಿಯಲ್ಲಿ ಎಂದು ಅದು ಹೇಳುತ್ತದೆ. ಹಿಂದುಸ್ತಾನಿಯ ‘ಗೇಂದ್‌ಖಾನಾ’, ಅಂದರೆ ಚೆಂಡಿನ ಮನೆ, ಇಂಗ್ಲಿಷರ ‘ಜಿಮ್ನಾಸ್ಟಿಕ್ಸ್’ ಜೊತೆ ಬೆರೆತು ಈ ರೂಪ ಪಡೆದಿರಬೇಕು ಎಂಬುದು ನಿಘಂಟುಕಾರರ ಊಹೆ. ಅರ್ಧ ನಮ್ಮದು, ಅರ್ಧ ಅವರದು. ಆ ಮಾತು ಹೆಸರಿಸಿದ ಆಟಗಳೂ ಹಾಗೆಯೇ ಕಲಬೆರಕೆಯವು.

‘ಗೇಂದ್’ ಎಂಬುದರ ಹಿಂದೆ ಸಂಸ್ಕೃತದ ‘ಗೇಂದುಕ’ವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಅರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ದೊಡ್ಡ ಪಟ್ಟಿಯೇ ಇದೆ. ಅದರಲ್ಲಿ ಕುದುರೆಯ ವಾಹ್ಯಾಳಿಯೂ ಒಂದು. ಸವಾರರು ಎರಡು ತಂಡವಾಗಿ, ತುದಿ ಬಾಗಿದ ಕೋಲಿನಿಂದ ಚೆಂಡನ್ನು ಹೊಡೆದು ತೋರಣದ ಗುರಿಗೆ ದಾಟಿಸುವ ಆಟ ಅಲ್ಲಿ ವರ್ಣಿತವಾಗಿದೆ. ಇಂದಿನ ಬಸವಕಲ್ಯಾಣ ಆಗ ರಾಜಧಾನಿ. ಹಳೆಯ ಕನ್ನಡ ಕಾವ್ಯ ಓದಿದವರಿಗೆ ‘ವೈಹಾಳಿ’ ಎಂಬ ಮಾತು ಗೊತ್ತಿರುತ್ತದೆ. ಅದು ಈ ವಾಹ್ಯಾಳಿಯದೇ ಕನ್ನಡ ರೂಪ: ಕುದುರೆಯನ್ನು ಪಳಗಿಸುವ ಬಯಲು, ಅಲ್ಲಿ ನಡೆಯುವ ಸವಾರಿ. ಉತ್ತರದಲ್ಲಿ ಇಂಥದೇ ಆಟಕ್ಕೆ ‘ಚೌಗಾನ್’ ಎಂಬ ಪಾರಸಿ ಹೆಸರು. ದೆಹಲಿಯ ಸುಲ್ತಾನ ಕುತ್ಬುದ್ದೀನ್ ಐಬಕ್ 1210ರಲ್ಲಿ ಲಾಹೋರಿನಲ್ಲಿ ಸತ್ತದ್ದು ಚೌಗಾನ್ ಆಡುವಾಗ ಕುದುರೆಯಿಂದ ಬಿದ್ದು. ಅಕ್ಬರನಿಗೆ ಈ ಆಟದ ಹುಚ್ಚು ಎಷ್ಟಿತ್ತೆಂದರೆ ಕತ್ತಲಾದ ಮೇಲೂ ಆಡಲೆಂದು ಮುತ್ತುಗದ ಮರದ ಚೆಂಡಿಗೆ ಬೆಂಕಿ ಹಚ್ಚಿಸುತ್ತಿದ್ದ.

ಇವೆಲ್ಲ ಅರಸರ ಆಟ. ಅರಸರು ಹೋದಂತೆ ಆಟವೂ ಬಯಲುಸೀಮೆಯ ಬಹುಭಾಗದಲ್ಲಿ ಕಳೆದುಹೋಯಿತು. ಉಳಿದದ್ದು ಗುಡ್ಡಗಾಡಿನ ಅಂಚುಗಳಲ್ಲಿ, ಚಿಕ್ಕ ಕುದುರೆಯ ಬೆನ್ನ ಮೇಲೆ.

ಮಣಿಪುರದಲ್ಲಿ ಅದರ ಹೆಸರು ‘ಸಗೋಲ್ ಕಾಂಗ್‌ಜೈ’. ಸಗೋಲ್ ಎಂದರೆ ಕುದುರೆ, ಕಾಂಗ್‌ಜೈ ಎಂದರೆ ಕೋಲಿನಾಟ. ತಂಡಕ್ಕೆ ಏಳು ಜನ. ಬಿದಿರಿನ ಬೇರಿನ ಚೆಂಡು. ಗೋಲುಕಂಬವಿಲ್ಲ, ಮೈದಾನದ ತುದಿಯ ಗೆರೆ ದಾಟಿಸಿದರೆ ಸಾಕು. ಅಲ್ಲಿನ ಪೋನಿ 11ರಿಂದ 13 ಹ್ಯಾಂಡ್ ಎತ್ತರದ್ದು. ಒಂದು ಹ್ಯಾಂಡ್ ಎಂದರೆ ಅಂಗೈಯ ಅಗಲ, ಲೆಕ್ಕಕ್ಕೆ 4 ಇಂಚು. ನೆಲದಿಂದ ಭುಜದ ಏರಿನ ತನಕ ಅಳೆಯುವುದು ಕ್ರಮ. ಅಂದರೆ ಆ ಪೋನಿಯ ಭುಜ ಎತ್ತರದ ಆಳಿನ ಎದೆಮಟ್ಟಕ್ಕೂ ಬಾರದು. ಕಛಾಡಿನ ಚಹಾ ತೋಟಗಳ ಬಳಿ ನೆಲೆಸಿದ್ದ ಮಣಿಪುರಿಗಳು ಈ ಆಟ ಆಡುವುದನ್ನು ಕಂಡ ಜೋಸೆಫ್ ಶೆರರ್ ಎಂಬ ಸೇನಾಧಿಕಾರಿಯೂ ರಾಬರ್ಟ್ ಸ್ಟುವರ್ಟ್ ಎಂಬ ಆಡಳಿತಾಧಿಕಾರಿಯೂ 1859ರಲ್ಲಿ ಸಿಲ್ಚಾರಿನಲ್ಲಿ ಒಂದು ಕ್ಲಬ್ಬು ಕಟ್ಟಿದರು. 1862ರಲ್ಲಿ ಕಲ್ಕತ್ತೆಯಲ್ಲಿ ಇನ್ನೊಂದು ಹುಟ್ಟಿತು. ಹತ್ತು ವರ್ಷದೊಳಗೆ ಆಟ ಇಂಗ್ಲೆಂಡ್ ಸೇರಿತು. ಬಾಲ್ಟಿ ನುಡಿಯಲ್ಲಿ ಚೆಂಡಿಗಿರುವ ‘ಪುಲು’ ಎಂಬ ಮಾತಿನಿಂದ ಅದಕ್ಕೆ ಪೋಲೋ ಎಂಬ ಹೆಸರೂ ಬಂತು.

ಪೋಲೋದಿಂದಾಗಿ ದಂಡು ಬೀಡುಬಿಟ್ಟ ಊರೂರಲ್ಲೂ ಪಳಗಿದ ಪೋನಿಗಳಾದವು. ಪೋನಿಯಿದ್ದ ಮೇಲೆ ರಜೆಯ ದಿನ ಸುಮ್ಮನಿರುವುದುಂಟೆ? ಜಿಮಖಾನಾ ದಿನದಂದು ಪೋನಿ ಓಟ, ಬಗೆಬಗೆಯ ತಮಾಷೆಯ ಪಂದ್ಯ, ಜೊತೆಗೆ ಟೆಂಟ್ ಪೆಗ್ಗಿಂಗ್. ನೆಲಕ್ಕೆ ಹೊಡೆದ ಗೂಟವನ್ನು ನಾಗಾಲೋಟದಲ್ಲಿ ಬಂದು ಭರ್ಜಿಯ ಮೊನೆಯಿಂದ ಎತ್ತಿಕೊಂಡು ಹೋಗುವುದು ಈ ಕೊನೆಯದರ ಬಗೆ. ಮೈಸೂರು ದಸರೆಯಲ್ಲಿ ಬನ್ನಿಮಂಟಪದ ಪಂಜಿನ ಕವಾಯತು ನೋಡಿದವರು ಅಶ್ವಾರೋಹಿ ಪೊಲೀಸರು ಇದನ್ನು ಮಾಡುವುದನ್ನು ಕಂಡಿರುತ್ತಾರೆ. ಭರ್ಜಿ ಹಿಡಿದ ದಂಡಿಗೆ ಇದು ಆಟವೂ ಹೌದು, ಅಭ್ಯಾಸವೂ ಹೌದು. ಇಂಥ ಅಭ್ಯಾಸವೇ ಜೀವನವಾಗಿದ್ದ ಮೈಸೂರು ಲಾನ್ಸರ್ಸ್ ಪಡೆ 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಂದಿಗೆ ಹೈಫಾ ಪಟ್ಟಣದ ಮೇಲೆ ಏರಿಹೋದದ್ದು ಕುದುರೆ ದಂಡಿನ ಚರಿತ್ರೆಯ ಕೊನೆಯ ಪುಟಗಳಲ್ಲೊಂದು. ಆಮೇಲೆ ಯುದ್ಧ ಯಂತ್ರದ ಪಾಲಾಯಿತು. ಕುದುರೆಯ ಮೇಲಿನ ಕೌಶಲಕ್ಕೆ ಆಟ ಮಾತ್ರ ಉಳಿಯಿತು.

ಆಟ ಉಳಿದದ್ದು ಯಾರಿಗೆ ಎಂಬುದು ಮುಂದಿನ ಪ್ರಶ್ನೆ. ಪೋಲೋ ಬಹುಬೇಗ ಹಣವಂತರ ಪಾಲಾಗಿತ್ತು. ಒಂದು ಪಂದ್ಯಕ್ಕೆ ಒಬ್ಬ ಆಟಗಾರನಿಗೆ ಒಂದೇ ಪೋನಿ ಸಾಲದು, ದಣಿದದ್ದನ್ನು ಬಿಟ್ಟು ಹೊಸತನ್ನು ಏರಬೇಕು. ಕಿಪ್ಲಿಂಗ್ 1895ರಲ್ಲಿ ಬರೆದ ‘ದಿ ಮಾಲ್ಟೀಸ್ ಕ್ಯಾಟ್’ ಎಂಬ ಕತೆಯ ತಿರುಳೇ ಇದು. ಅದರಲ್ಲಿ ಮಾತಾಡುವವು ಪೋನಿಗಳು. ಒಂದು ಕಡೆ ಸಿರಿವಂತ ದಂಡು, ಅದರ ಬಳಿ ಬೆಲೆಬಾಳುವ ಪೋನಿಗಳ ಹಿಂಡು. ಇನ್ನೊಂದು ಕಡೆ ಬಡ ದಂಡು, ಅದರ ಬಳಿ ಅಗ್ಗಕ್ಕೆ ಕೊಂಡವು. ಕಥಾನಾಯಕನಾದ ಬೂದು ಪೋನಿ ಹಿಂದೆ ಮಾಲ್ಟಾದಲ್ಲಿ ತರಕಾರಿ ಗಾಡಿ ಎಳೆದದ್ದು. ಗೆಲುವು ಬಡ ದಂಡಿಗೇ ದಕ್ಕುತ್ತದೆ, ಕಾರಣ ತಾಲೀಮು ಮತ್ತು ಒಗ್ಗಟ್ಟು. ಆದರೆ ಬೂದು ಪೋನಿ ಆ ಪಂದ್ಯದಲ್ಲಿ ಕಾಲುನರಕ್ಕೆ ಪೆಟ್ಟು ತಿಂದು ಮತ್ತೆಂದೂ ಆಡಲಾರದೆ ಹೋಗುತ್ತದೆ. ಕತೆಯಲ್ಲಿ ಬಡವರು ಗೆದ್ದರು. ನಿಜದ ಮೈದಾನದಲ್ಲಿ ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ಪೋಲೋ ಪೋನಿಯ ಎತ್ತರದ ಮಿತಿಯನ್ನೇ ತೆಗೆದುಹಾಕಿದರು. ಅಲ್ಲಿಂದ ಮುಂದೆ ಪೋಲೋದಲ್ಲಿ ಓಡುವುದು ಕುದುರೆಯೇ, ಪೋನಿ ಎಂಬುದು ಬರೀ ಹೆಸರು.

ನಿಜವಾದ ಪೋನಿ ಮಕ್ಕಳ ಕೈಗೆ ಬಂತು. ಇಂಗ್ಲೆಂಡಿನಲ್ಲಿ 1929ರಲ್ಲಿ ‘ಪೋನಿ ಕ್ಲಬ್’ ಹುಟ್ಟಿತು, ಮಕ್ಕಳಿಗೆ ಸವಾರಿಯನ್ನೂ ಪ್ರಾಣಿಯ ಆರೈಕೆಯನ್ನೂ ಕಲಿಸಲೆಂದು. ಅಲ್ಲಿಯೂ ಅದೇ ತೊಡಕು ಎದುರಾಯಿತು. ದೊಡ್ಡ ಪ್ರದರ್ಶನಗಳಲ್ಲಿ ಬಹುಮಾನ ಹೋಗುತ್ತಿದ್ದದ್ದು ಒಳ್ಳೆಯ ತಳಿಯ ದುಬಾರಿ ಪೋನಿಗೆ, ಅಂದರೆ ಅದನ್ನು ಕೊಂಡ ತಂದೆಯ ಜೇಬಿಗೆ. ಸ್ವತಃ ಪೋಲೋ ಆಟಗಾರನಾಗಿದ್ದ ರಾಜಕುಮಾರ ಫಿಲಿಪ್, ಸಾಮಾನ್ಯ ಪೋನಿಯ ಸಾಮಾನ್ಯ ಮಕ್ಕಳಿಗೂ ಒಂದು ಸ್ಪರ್ಧೆ ಬೇಕೆಂದು ಕರ್ನಲ್ ಮೈಕ್ ಆನ್ಸೆಲ್ ಅವರನ್ನು ಕೇಳಿದರು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಕಣ್ಣು ಕಳೆದುಕೊಂಡಿದ್ದ ಆನ್ಸೆಲ್ ಆಗ ‘ಹಾರ್ಸ್ ಆಫ್ ದಿ ಇಯರ್ ಶೋ’ ನಡೆಸುತ್ತಿದ್ದರು. ಹಳೆಯ ಜಿಮಖಾನಾ ಆಟಗಳನ್ನೇ ತಂಡದ ಪಂದ್ಯವಾಗಿ ಜೋಡಿಸಿ, 1957ರಲ್ಲಿ ಲಂಡನ್ನಿನ ಹ್ಯಾರಿಂಗೇ ಒಳಾಂಗಣದಲ್ಲಿ ಮೊದಲ ‘ಪ್ರಿನ್ಸ್ ಫಿಲಿಪ್ ಕಪ್’ ನಡೆಯಿತು.

ಈ ಆಟಗಳಲ್ಲಿ ಚಿಕ್ಕ ಪೋನಿಗೇ ಅನುಕೂಲ ಏಕೆಂಬುದು ಅವುಗಳ ತಾಲೀಮು ನೋಡಿದರೆ ತಿಳಿಯುತ್ತದೆ.

ಕುದುರೆ ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಸಿಗುವ ಪ್ರಾಣಿ. ಗಾಳಿಗೆ ಪಟಪಟ ಎನ್ನುವ ಬಾವುಟ, ಕಾಲಡಿ ಸರಿದಾಡುವ ಗೋಣಿಚೀಲ ಅದಕ್ಕೆ ಹುಲಿಯಿದ್ದಂತೆ. ಆದ್ದರಿಂದ ಮೊದಲ ಪಾಠ ಓಟವಲ್ಲ. ಚೀಲವನ್ನು ನೆಲದ ಮೇಲಿಟ್ಟು ಮೂಸಿ ನೋಡಲು ಬಿಡಬೇಕು. ಬಾವುಟವನ್ನು ಸುತ್ತಿ ಹಿಡಿದು ತೋರಿಸಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಬಿಚ್ಚಬೇಕು. ಎರಡನೆಯದು ಒಂದೇ ಕೈಯ ಲಗಾಮು. ಸವಾರನ ಇನ್ನೊಂದು ಕೈಯಲ್ಲಿ ಚೆಂಡೋ ಬಟ್ಟಲೋ ಇರುವುದರಿಂದ, ಬಾಯಿಯನ್ನು ಎಳೆಯದೆ ಕೊರಳಿಗೆ ಲಗಾಮು ತಾಗಿಸಿದರೆ ಸಾಕು, ಪೋನಿ ಆಚೆಗೆ ತಿರುಗಬೇಕು. ಮಗುವಿನ ಮೈ ವಾಲಿದ ಕಡೆಗೆ ಅದೂ ವಾಲಬೇಕು. ಐದು ಕಂಬಗಳನ್ನು ಏಳೆಂಟು ಮೀಟರಿಗೊಂದರಂತೆ ನೆಟ್ಟು, ಮೊದಲು ನಡಿಗೆಯಲ್ಲಿ, ಆಮೇಲೆ ಕುಕ್ಕುಲೋಟದಲ್ಲಿ, ಎಷ್ಟೋ ವಾರಗಳ ಮೇಲೆ ನಾಗಾಲೋಟದಲ್ಲಿ ಬಳಸಿ ಬರಬೇಕು. ಉದ್ದ ಕಾಲಿನ ಕುದುರೆ ಒಂದು ಕಂಬ ಸುತ್ತುವಷ್ಟರಲ್ಲಿ ಗಿಡ್ಡ ಪೋನಿ ಎರಡು ಸುತ್ತಿರುತ್ತದೆ.

ಇಳಿಯುವುದು, ಹತ್ತುವುದು ಇನ್ನೊಂದು ವಿದ್ಯೆ. ಮಗು ಇಳಿದು ಓಡುವಾಗ ಪೋನಿ ಎಳೆಸಿಕೊಳ್ಳದೆ ಭುಜಕ್ಕೆ ಭುಜ ಕೊಟ್ಟು ಓಡಬೇಕು. ಮತ್ತೆ ಹತ್ತುವಾಗ ರಿಕಾಪಿಗೆ ಕಾಲಿಡುವ ಪುರಸತ್ತಿಲ್ಲ. ಜೀನಿನ ಮುಂಭಾಗ ಹಿಡಿದು, ಎರಡೂ ಕಾಲನ್ನು ಒಟ್ಟಿಗೆ ನೆಲಕ್ಕೆ ಒದ್ದು, ಪೋನಿಯ ಓಟದ ಬಲದಿಂದಲೇ ಮೇಲಕ್ಕೆ ಹಾರಬೇಕು. ಇದಕ್ಕೂ ಬೆನ್ನು ತಗ್ಗಿದ್ದಷ್ಟು ಒಳ್ಳೆಯದು. ಇವೆಲ್ಲಕ್ಕಿಂತ ಕಷ್ಟದ್ದು ಗೆರೆಯ ಹಿಂದೆ ಸುಮ್ಮನೆ ನಿಲ್ಲುವುದು. ನಿತ್ಯ ಓಡಿಸಿದ ಪೋನಿಗೆ ಗೆರೆ ಕಂಡೊಡನೆ ಮೈ ಕಾಯುತ್ತದೆ, ಕುಣಿಯುತ್ತದೆ, ತಿರುಗಿ ನಿಲ್ಲುತ್ತದೆ. ಬಲ್ಲ ತರಬೇತುದಾರರು ಓಟವನ್ನು ಕೊನೆಗಿಟ್ಟು, ಉಳಿದ ದಿನ ಬಯಲಲ್ಲಿ ಸುಮ್ಮನೆ ಸುತ್ತಾಡಿಸುವುದು ಇದಕ್ಕಾಗಿಯೇ.

ಪಂದ್ಯದ ನಿಯಮಗಳಿಗೂ ಇದೇ ಮನೋಧರ್ಮ. ತಂಡದಲ್ಲಿ ಐದು ಮಕ್ಕಳು, ಒಂದು ಆಟಕ್ಕೆ ನಾಲ್ವರು. ಚಾಟಿ ಇಲ್ಲ, ಹಿಮ್ಮಡಿಯ ಮುಳ್ಳು ಇಲ್ಲ. ಪೋನಿಯ ಎತ್ತರ 148 ಸೆಂಟಿಮೀಟರ್ ಮೀರುವಂತಿಲ್ಲ, ಹಳೆಯ ಲೆಕ್ಕದಲ್ಲಿ 14 ಹ್ಯಾಂಡ್ 2 ಇಂಚು. ತೂಕದ ಮಕ್ಕಳು ತೀರ ಗಿಡ್ಡ ಪೋನಿಯನ್ನು ಏರಲೂ ತಡೆಯಿದೆ. ಬಾವುಟ ಕೈಜಾರಿ ಬಿದ್ದರೆ ಬಿಟ್ಟು ಓಡುವಂತಿಲ್ಲ, ಹಿಂದಿರುಗಿ ಎತ್ತಿ ಅದರ ಜಾಗಕ್ಕೆ ಸಿಕ್ಕಿಸಿಯೇ ಮುಂದೆ ಹೋಗಬೇಕು. ವೇಗದ ಪೋನಿ ಸೋತು ನಿಧಾನದ್ದು ಗೆಲ್ಲುವುದು ಸಾಮಾನ್ಯವಾಗಿ ಇಂಥ ಕಡೆಯಲ್ಲೇ.

ಹಾಗೆಂದು ಇದು ಬಡವರ ಆಟವಾಯಿತು ಎನ್ನಲಾಗದು. ಸಾಮಾನ್ಯ ಪೋನಿಗೂ ಮೇವು, ಲಾಳ, ಲಾಯ ಬೇಕು. ಅದನ್ನು ಪಂದ್ಯಕ್ಕೆ ಸಾಗಿಸಲು ಗಾಡಿ ಬೇಕು. ದುಬಾರಿ ತಳಿಯ ಬದಲು ದುಬಾರಿ ತಾಲೀಮು ಬಂದು ಕೂರಬಹುದು. ಆದರೂ ಆಟ ಬೆಳೆಯಿತು. ಹದಿನೈದು ತುಂಬಿದವರು ಪೋನಿ ಕ್ಲಬ್ಬಿನ ಸ್ಪರ್ಧೆಯಿಂದ ಹೊರಬೀಳುತ್ತಿದ್ದುದನ್ನು ಕಂಡ ನಾರ್ಮನ್ ಪ್ಯಾಟ್ರಿಕ್ 1984ರಲ್ಲಿ ದೊಡ್ಡವರಿಗೂ ಎಡೆಯಿರುವ ಸಂಘ ಕಟ್ಟಿದರು. ಈಗ ಇದಕ್ಕೆ ಅನೇಕ ದೇಶಗಳ ನಡುವಿನ ಪಂದ್ಯಗಳಿವೆ. ನಮ್ಮಲ್ಲಿಯೂ ಕಿರಿಯರ ಅಶ್ವಾರೋಹಣ ಸ್ಪರ್ಧೆಗಳಲ್ಲಿ ಕಂಬ ಬಳಸುವ, ಬಕೆಟ್ಟಿಗೆ ಚೆಂಡು ಹಾಕುವ ಓಟಗಳಿವೆ. ರೂರ್ಕಿಯಿಂದ ಹೊರಟ ಮಾತು ಒಂದು ಸುತ್ತು ಹಾಕಿ ಮನೆಗೆ ಬಂದಂತಾಯಿತು. ಆದರೆ ಆ ಸ್ಪರ್ಧೆಗಳು ನಡೆಯುವುದು ನಗರದ ಸವಾರಿ ಶಾಲೆಗಳಲ್ಲಿ. ಸಂತೆಯ ತಟ್ಟುವಿನ ಮಗುವಿಗೆ ಅಲ್ಲಿ ಪ್ರವೇಶ ಸುಲಭವಲ್ಲ.

ಇನ್ನು ಮಣಿಪುರದ ಪೋನಿ. ಜಾನುವಾರು ಗಣತಿಯ ಪ್ರಕಾರ 2003ರಲ್ಲಿ ಅವುಗಳ ಸಂಖ್ಯೆ 1,898. 2012ರಲ್ಲಿ 1,101. ಊರು ಬೆಳೆದಂತೆ ಅವು ಮೇಯುತ್ತಿದ್ದ ಜವುಗು ನೆಲ ಕಟ್ಟಡಗಳ ಪಾಲಾಯಿತು. ಆಟವಿಲ್ಲದ ದಿನಗಳಲ್ಲಿ ಅವುಗಳನ್ನು ಬಯಲಿಗೆ ಬಿಡುವುದು ಅಲ್ಲಿನ ರೂಢಿ. ಬಯಲಿಲ್ಲವಾದಾಗ ರಸ್ತೆಗೆ ಬಂದವು, ಕಸದ ಗುಂಡಿಯಲ್ಲಿ ಮೇವು ಹುಡುಕಿದವು, ವಾಹನಕ್ಕೆ ಸಿಕ್ಕವು. 2013ರಲ್ಲಿ ರಾಜ್ಯ ಸರಕಾರ ಈ ತಳಿ ಅಳಿವಿನಂಚಿನಲ್ಲಿದೆ ಎಂದು ಘೋಷಿಸಿತು, 2016ರಲ್ಲಿ ಅದರ ಉಳಿವಿಗೆಂದೇ ಒಂದು ನೀತಿಯನ್ನೂ ತಂದಿತು.

ಇಂಫಾಲದ ನಡುಮಧ್ಯದ ಮಾಪಾಲ್ ಕಾಂಗ್‌ಜೈಬುಂಗ್ ಮೈದಾನದಲ್ಲಿ ಈಗಲೂ ಪೋಲೋ ಆಡುತ್ತಾರೆ. ಜಗತ್ತಿನ ಅತಿ ಹಳೆಯ ಪೋಲೋ ಮೈದಾನವೆಂದು ಅದನ್ನು ಕರೆಯುವುದುಂಟು. ಕಲ್ಯಾಣದ ಅರಸನ ವಾಹ್ಯಾಳಿ ಯಾವ ಬಯಲಲ್ಲಿತ್ತೆಂದು ಇಂದು ತೋರಿಸುವವರಿಲ್ಲ. ಉಳಿದದ್ದು ಪುಸ್ತಕದ ಶ್ಲೋಕಗಳು, ಕನ್ನಡದ ಒಂದು ಹಳೆಯ ಮಾತು. ಇಂಫಾಲದಲ್ಲಿ ಮೈದಾನವೂ ಇದೆ, ಆಡುವವರೂ ಇದ್ದಾರೆ, ಪೋನಿಯೂ ಇನ್ನೂ ಇದೆ. ಅದಕ್ಕೆ ಬೇಕಾಗಿರುವುದು ಪಂದ್ಯವಿಲ್ಲದ ದಿನ ಮೇಯಲು ಒಂದಷ್ಟು ಹುಲ್ಲು.